ಉಮ್ಮನ ಕಿವಿಗೆ ಮಾತ್ರ

ಎಂಪಿತ್ರೀ ಪ್ಲೇಯರ್ ಬಂದ ಹೊಸತರಲ್ಲಿ ಮೂಡುಬಿದಿರೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. ನೂರಿಪ್ಪತ್ತೆಂಟರ ಬಿಟ್‌ರೇಟಿನಲ್ಲಿ ಹಾಡು ತುಂಬಿಸಿದರೆ ಸಾಕೋ, ಮುನ್ನೂರಿಪ್ಪತ್ತು ಬೇಕೋ? ಕಿವಿಯೊಳಗೆ ತುರುಕುವ ಹೆಡ್‌ಫೋನ್ ಒಳ್ಳೆಯದೋ, ಕಿವಿ ಮುಚ್ಚುವುದು ಒಳ್ಳೆಯದೋ? ಗಣಿತದ ಮಾಷ್ಟ್ರಂತೂ ಎರಡು ತಿಂಗಳು ವಿಚಾರಿಸಿ, ಕೊನೆಗೆ ಏನನ್ನೂ ಕೊಳ್ಳದೆ ಉಳಿದರು. ನನಗೆ ಈ ಚರ್ಚೆ ಕೇಳಿದರೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಯಾರ ಧ್ವನಿ ಕೇಳಬೇಕು ಎಂದು ಮೊದಲು ಗೊತ್ತಿರಬೇಕು, ಉಳಿದದ್ದೆಲ್ಲ ಆಮೇಲೆ. ಇದನ್ನು ನಾನು ತೊಂಬತ್ತರ ದಶಕದಲ್ಲಿ, ಪಿಯುಸಿ ಓದುವಾಗ, ಒಂದು ಹೆಡ್‌ಫೋನ್ ಹುಡುಕುತ್ತಾ ಕಲಿತೆ.

ಆಗ ನಮ್ಮ ಮನೆ ಫರಂಗಿಪೇಟೆಯಲ್ಲಿ. ಬಾಪ ಸೌದಿಯ ದಮ್ಮಾಮ್‌ನಲ್ಲಿ ವ್ಯಾನ್ ಡ್ರೈವರ್. ಎರಡು ಮೂರು ವರ್ಷಕ್ಕೊಮ್ಮೆ ಬಂದು, ಎರಡು ತಿಂಗಳು ನಿಂತು ಹೋಗುವವರು. ನಡುವೆ ಬರುತ್ತಿದ್ದದ್ದು ಅವರ ಧ್ವನಿ. ಊರಿಗೆ ಹೊರಟವರ ಕೈಯಲ್ಲಿ ಒಂದು ಕ್ಯಾಸೆಟ್ಟು ಕೊಡುತ್ತಿದ್ದರು. ಶುಕ್ರವಾರ ಜುಮಾ ಮುಗಿದು ಎಲ್ಲರ ಊಟವಾದ ಮೇಲೆ ಅದನ್ನು ಚಾವಡಿಯಲ್ಲಿ ಟೇಪ್ ರೆಕಾರ್ಡರಿಗೆ ಹಾಕುವುದು. ಹಾಕುವ ಅಧಿಕಾರ ಬಾಪನ ತಾಯಿಗೆ, ಅಂದರೆ ನನ್ನ ಅಜ್ಜಿಗೆ ಮಾತ್ರ. ಚಿಕ್ಕಪ್ಪ, ಚಿಕ್ಕಮ್ಮ, ಮಕ್ಕಳು, ಪಕ್ಕದ ಮನೆಯ ಇಬ್ಬರು ಹೆಂಗಸರು ಎಲ್ಲ ಸುತ್ತ ಕೂರುತ್ತಿದ್ದರು.

ಬಾಪ ಸಲಾಂ ಹೇಳಿ ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಅಜ್ಜಿಯ ಮಂಡಿನೋವು, ಚಿಕ್ಕಪ್ಪನ ಅಂಗಡಿ, ಬಾವಿಯ ನೀರು, ನನ್ನ ಮಾರ್ಕು. ಎಲ್ಲ ಮುಗಿದು ಕ್ಯಾಸೆಟ್ಟು ನಿಲ್ಲುವ ಹೊತ್ತಿಗೆ, ಅದೂ ಅಜ್ಜಿಯನ್ನೇ ಕೇಳುವುದು: "ಮಕ್ಕಳ ತಾಯಿ ಹುಷಾರಿದ್ದಾಳಲ್ಲ?" ಅಷ್ಟೇ. ತಾಯಿ, ತಮ್ಮ, ನೆರೆಕರೆಯವರ ಎದುರು ಹೆಂಡತಿಯ ಹತ್ತಿರ ಇನ್ನೇನು ಮಾತಾಡಲಿಕ್ಕಾಗುತ್ತದೆ? ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಉಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಉತ್ತರದ ಕ್ಯಾಸೆಟ್ಟಿನಲ್ಲೂ ಅದೇ ಕಥೆ. ಅಜ್ಜಿಯದ್ದೇ ಇಪ್ಪತ್ತು ನಿಮಿಷ. ಉಮ್ಮನ ಸರದಿ ಕೊನೆಗೆ. "ನಾವೆಲ್ಲ ಹುಷಾರು. ಇಲ್ಲಿಯದ್ದು ಚಿಂತೆ ಮಾಡಬೇಡಿ" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಕಾಗದದಲ್ಲಾದರೂ ಗುಟ್ಟು ಹೇಳಿಕೊಳ್ಳೋಣವೆಂದರೆ ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಾಪನ ಕಾಗದವನ್ನು ಗಟ್ಟಿಯಾಗಿ ಓದುವವಳೂ ನಾನೇ, ಉತ್ತರ ಬರೆಯುವವಳೂ ನಾನೇ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಅಜ್ಜಿಗೆ ನಿದ್ದೆ ಹತ್ತಿತ್ತು. ಚಾವಡಿಯಲ್ಲಿ ಉಮ್ಮ ಟೇಪ್ ರೆಕಾರ್ಡರಿನ ಸ್ಪೀಕರಿಗೆ ಕೆನ್ನೆ ಒತ್ತಿ ಕೂತಿದ್ದಳು. ವಾಲ್ಯೂಮು ಎಷ್ಟು ಸಣ್ಣದೆಂದರೆ ತೀರಾ ಹತ್ತಿರ ಹೋಗುವ ತನಕ ನನಗೆ ಏನೂ ಕೇಳಿಸಲಿಲ್ಲ. ಅವಳು ಹಿಂದೆ ತಿರುಗಿಸುವ ಗುಂಡಿ ಒತ್ತಿದಳು, ಮತ್ತೆ ಕೇಳಿದಳು, ಮತ್ತೆ ಒತ್ತಿದಳು. "ಮಕ್ಕಳ ತಾಯಿ ಹುಷಾರಿದ್ದಾಳಲ್ಲ?" ಎಂಬ ಆ ಮೂರು ಶಬ್ದಗಳನ್ನೇ ಕೇಳುತ್ತಿದ್ದಳು. ನನಗೆ ಎಷ್ಟು ದುಃಖವಾಯಿತೆಂದರೆ, ಸದ್ದಿಲ್ಲದೆ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಉಮ್ಮ ಒಬ್ಬಳಿಗೇ ಕೇಳುವ ಹಾಗೆ ಬಾಪ ಮಾತಾಡಬೇಕು, ಇದನ್ನು ನಾನು ಮಾಡಿಯೇ ಬಿಡುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ರಜೆಯಲ್ಲಿ ಬೀಡಿ ಕಟ್ಟಿ ಕೂಡಿಟ್ಟ ಸ್ವಲ್ಪ ಹಣ ನನ್ನಲ್ಲಿತ್ತು. ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನ ಎದುರು, ಮೆಟ್ಟಿಲು ಹತ್ತಿದರೆ ರೇಡಿಯೋ ರಿಪೇರಿಯವರ ಸಣ್ಣ ಕೋಣೆ. ತಲೆ ಎತ್ತದೆ ಕೆಲಸ ಮಾಡುವ ಮನುಷ್ಯ. ಬೆಳ್ತಂಗಡಿ ಕಡೆಯಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಹೆಡ್‌ಫೋನ್ ಬೇಕೆಂದೆ. ಅವರು ಸ್ಪಂಜು ಹಚ್ಚಿದ, ಹಗುರಾದ ಒಂದನ್ನು ತೋರಿಸಿದರು. ಚಂದ ಇತ್ತು, ನನ್ನ ಹಣಕ್ಕೆ ಸಿಗುವಂಥದ್ದೇ ಆಗಿತ್ತು. ಖುಷಿಯಲ್ಲಿ ತಂದು ಸಿಕ್ಕಿಸಿದರೆ ಒಂದೇ ಕಿವಿಯಲ್ಲಿ ಶಬ್ದ. ಅದಕ್ಕಿಂತ ದೊಡ್ಡ ತಲೆನೋವೆಂದರೆ, ಹಾಕಿಕೊಂಡವರಿಗೆ ಕೇಳಿದಷ್ಟೇ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು.

ಮರುದಿನ ವಾಪಸು ಹೋಗಿ ಜಗಳಕ್ಕೇ ನಿಂತೆ.

"ಎಂತ ಮಾರಾಯ್ತಿ, ಹಾಡು ಕೇಳ್ಲಿಕ್ಕೆ ಒಂದು ಕಿವಿ ಸಾಕಾಗುದಿಲ್ವಾ?" ಎಂದರು ಅವರು.

"ಹಾಡಲ್ಲ ಅಣ್ಣಾ. ನಮ್ಮ ಬಾಪನ ಮಾತು. ಉಮ್ಮನಿಗೆ ಮಾತ್ರ ಕೇಳ್ಬೇಕು, ಹತ್ತಿರ ಕೂತವರಿಗೂ ಕೇಳ್ಬಾರ್ದು."

ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಕೈಯಲ್ಲಿದ್ದ ಬೆಸುಗೆಯ ಕಾವಿನ ಕಡ್ಡಿ ಕೆಳಗಿಟ್ಟರು. "ಅದನ್ನು ಮೊದಲೇ ಹೇಳ್ಬೇಕಲ್ಲ. ಕೂತ್ಕೊಳ್ಳಿ" ಎಂದು ಸ್ಟೂಲು ತಳ್ಳಿದರು. ಅಷ್ಟು ಹೊತ್ತು ಏಕವಚನದ ಹುಡುಗಿ, ಈಗ ಬಹುವಚನಕ್ಕೆ ಏರಿದ್ದೆ.

ಕಪಾಟಿನ ಮೇಲಿನಿಂದ ಒಂದು ಹಳೆಯ ಹೆಡ್‌ಫೋನ್ ಇಳಿಸಿದರು. ಕಿವಿಯನ್ನು ಇಡೀ ಮುಚ್ಚುವ ದಪ್ಪ ಬಟ್ಟಲುಗಳು, ಸುತ್ತ ಬಿರುಕು ಬಿಟ್ಟ ರೆಕ್ಸಿನ್. ಇದರಿಂದ ಒಂದು ತೊಟ್ಟು ಶಬ್ದವೂ ಹೊರಗೆ ಬರುವುದಿಲ್ಲ, ಆದರೆ ನಿಮ್ಮ ಟೇಪ್ ರೆಕಾರ್ಡರಿಗೆ ಇದನ್ನು ನಡೆಸುವ ಶಕ್ತಿ ಇಲ್ಲ ಎಂದರು. ಅದಕ್ಕೊಂದು ಪುಟ್ಟ ಆಂಪ್ಲಿಫೈಯರ್ ಬೇಕು. ಅಂಗಡಿಯದ್ದು ನಮ್ಮ ಕೈಗೆ ಎಟುಕುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಒಂದು ವಾರದಲ್ಲಿ ಪ್ಲಾಸ್ಟಿಕ್ಕಿನ ಹಸಿರು ಸೋಪುಡಬ್ಬಿಯೊಳಗೆ ತಾವೇ ಒಂದನ್ನು ಜೋಡಿಸಿಕೊಟ್ಟರು. ಒಳಗೆ ಬ್ಯಾಟರಿ, ಮೇಲೆ ವಾಲ್ಯೂಮಿನ ತಿರುಗಣೆ. ಎರಡು ತಂತಿ ಕೂಡಿಸಿ ಎರಡೂ ಕಿವಿಯಲ್ಲಿ ಕೇಳುವ ಹಾಗೆಯೂ ಮಾಡಿದ್ದರು. ಸ್ಪಂಜಿನದ್ದನ್ನು ವಾಪಸು ತೆಗೆದುಕೊಂಡರು, ಅದರ ಮೇಲೆ ಬಹಳ ಕಡಿಮೆ ಹಣ ಕೇಳಿದರು. ಜತೆಗೆ ಉಪದೇಶವನ್ನೂ ಕೊಟ್ಟರು: ತೊಂಬತ್ತು ನಿಮಿಷದ ಕ್ಯಾಸೆಟ್ಟು ಬೇಡ, ಅದರ ಟೇಪು ತೆಳು, ಸಿಕ್ಕಿಕೊಳ್ಳುತ್ತದೆ. ಅರವತ್ತರದ್ದೇ ಇರಲಿ. ದುಬಾರಿ ಕ್ರೋಮ್ ಟೇಪಿನದ್ದೂ ಬೇಡ, ಮನುಷ್ಯನ ಮಾತಿಗೆ ಸಾದಾ ಟೇಪು ಧಾರಾಳ.

ಆ ರಾತ್ರಿ ಅಜ್ಜಿ ಬರೆಸಿದ ಕಾಗದದ ಕೊನೆಗೆ ನನ್ನದೇ ನಾಲ್ಕು ಸಾಲು ಸೇರಿಸಿದೆ. "ಬಾಪಾ, ಇನ್ನು ಅರವತ್ತರ ಕ್ಯಾಸೆಟ್ಟು ಕಳಿಸಿ. ಮೊದಲ ಬದಿ ಎಲ್ಲರಿಗೆ. ಎರಡನೇ ಬದಿ ಉಮ್ಮನಿಗೆ ಮಾತ್ರ. ಬೇರೆ ಯಾರಿಗೂ ಕೇಳುವುದಿಲ್ಲ, ನನ್ನ ಮೇಲೆ ಭರವಸೆ ಇಡಿ."

ಎರಡು ತಿಂಗಳಲ್ಲಿ ಕ್ಯಾಸೆಟ್ಟು ಬಂತು. ಶುಕ್ರವಾರ ಮೊದಲ ಬದಿ ಎಂದಿನ ಹಾಗೆ ಮುಗಿಯಿತು. ಕೊನೆಯಲ್ಲಿ ಬಾಪ ಗಂಟಲು ಸರಿಮಾಡಿಕೊಂಡು, "ಆ ಕಡೆಯದ್ದು ಮಕ್ಕಳ ತಾಯಿಗೆ" ಎಂದರು. ನಾನು ಹೆಡ್‌ಫೋನ್ ತಂದೆ.

"ಇದೆಂತದು, ಕಿವಿಗೆ ತೆಂಗಿನ ಚಿಪ್ಪು?" ಎಂದರು ಅಜ್ಜಿ. ಒಂದು ಸಲ ತಾವೇ ಹಾಕಿ ನೋಡಿ, "ಇವನು ನನ್ನ ತಲೆಯೊಳಗೇ ಕೂತು ಮಾತಾಡ್ತಾನಲ್ಲ!" ಎಂದು ಬೆಚ್ಚಿಬಿದ್ದು ತೆಗೆದರು. ಆಮೇಲೆ ಉಮ್ಮನ ಕಡೆ ಗದ್ದ ತೋರಿಸಿ, "ಕೊಡು ಅವಳಿಗೆ" ಎಂದರು. ಅಷ್ಟು ಸುಲಭದಲ್ಲಿ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಉಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು. ಕಿವಿಗೆ ಬಟ್ಟಲು ಕೂರಿಸಿ, ಕ್ಯಾಸೆಟ್ಟು ಮಗುಚಿ ಹಾಕಿ, ಗುಂಡಿ ಒತ್ತಿ, ನಾನು ಹಿಂದೆ ಸರಿದೆ. ಹೊರಗೆ ಏನೆಂದರೆ ಏನೂ ಕೇಳಿಸುತ್ತಿರಲಿಲ್ಲ. ರಿಪೇರಿಯವರು ಹೇಳಿದ್ದು ಅಪ್ಪಟ ನಿಜ. ಹೆಮ್ಮೆಯಿಂದ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಜ್ಜಿ ಮೊರದಲ್ಲಿ ಅಕ್ಕಿ ಹಿಡಿದು ಕಲ್ಲು ಹೆಕ್ಕುವ ನಾಟಕ ಶುರುಮಾಡಿದರು. ಚಿಕ್ಕಮ್ಮ ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದರು.

ಆಗ ಉಮ್ಮ ಮಾತಾಡಿದಳು.

"ಹೂಂ, ಅದೇ ಹಸಿರು ಸೀರೆ!"

ನಾವೆಲ್ಲ ಹಾರಿಬಿದ್ದೆವು. ಕಿವಿ ಮುಚ್ಚಿದವರಿಗೆ ತಮ್ಮ ಧ್ವನಿ ತಮಗೇ ಕೇಳುವುದಿಲ್ಲ ಎಂಬುದು ರಿಪೇರಿಯವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಉಮ್ಮ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು, ನೇತ್ರಾವತಿಯ ಆಚೆ ದಡದವರನ್ನು ಕರೆಯುವಷ್ಟು ಗಟ್ಟಿಯಾಗಿ ಬಾಪನಿಗೆ ಉತ್ತರ ಕೊಡುತ್ತಿದ್ದಳು.

"ಎಂತ ಸುಳ್ಳು! ಬೊಂಬಾಯಿ ಬಸ್ಸು ಹತ್ತುವಾಗ ಅತ್ತದ್ದು ನೀವು, ನಾನಲ್ಲ!"

ಚಿಕ್ಕಮ್ಮ ಬಾಯಿಗೆ ಬಟ್ಟೆ ತುರುಕಿಕೊಂಡರು. ಮಗ ಅತ್ತದ್ದು ಅಜ್ಜಿಗೆ ಅಂದೇ ಗೊತ್ತಾದದ್ದು. ಅವರ ಹೊಟ್ಟೆ ನಗುವಿನಿಂದ ಕುಲುಕಿ ಮೊರದ ಅಕ್ಕಿ ಚೆಲ್ಲಿತು. ಹೋಗಿ ಉಮ್ಮನ ಭುಜ ಮುಟ್ಟಿ ಎಚ್ಚರಿಸಬೇಕಿತ್ತು ನಾನು. ಆದರೆ ಅವಳ ಆ ಸಂತೋಷಕ್ಕೆ ಅಡ್ಡಬರಲು ಕಾಲೇ ಏಳಲಿಲ್ಲ. ಹಾಗೆ ನಗುವ, ಹಾಗೆ ಹುಸಿಮುನಿಸು ಮಾಡುವ ಉಮ್ಮನನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ಕ್ಯಾಸೆಟ್ಟು ಮುಗಿಯುತ್ತ ಬಂದಿತ್ತು.

"ಸಾಕು," ಎಂದಳು. "ದುಡಿದದ್ದು ಸಾಕು. ಗಂಜಿ ಆದರೆ ಗಂಜಿ. ಬಂದುಬಿಡಿ."

ಯಾರೂ ನಗಲಿಲ್ಲ. ಹನ್ನೊಂದು ವರ್ಷದಲ್ಲಿ ನಮ್ಮ ಮನೆಯಿಂದ ಹೋದ ಯಾವ ಕ್ಯಾಸೆಟ್ಟಿನಲ್ಲೂ ಈ ಮಾತು ಇರಲಿಲ್ಲ. ಅಜ್ಜಿ ಮೊರ ಕೆಳಗಿಟ್ಟು, ಕೈಸನ್ನೆಯಲ್ಲೇ ಎಲ್ಲರನ್ನೂ ಜಗಲಿಗೆ ಓಡಿಸಿದರು. ಉಮ್ಮ ಹೆಡ್‌ಫೋನ್ ತೆಗೆದು ತಿರುಗುವಾಗ ಚಾವಡಿಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಶುಕ್ರವಾರ ಉತ್ತರ ತುಂಬಿಸಲು ಕೂತೆವು. ಅಜ್ಜಿಯ ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಸಿದ್ಧರಾಗಿದ್ದರು. ಉಮ್ಮ ಎಂದಿನ ಹಾಗೆ ಬಾಗಿಲ ಹತ್ತಿರ. ಅಜ್ಜಿ ಮೈಕಿಗೆ ಬಾಯಿಟ್ಟು ಸಲಾಂ ಹೇಳಿದರು. ಮಂಡಿನೋವಿನ ಸುದ್ದಿ ಬರಲಿಲ್ಲ.

"ಮಗನೇ, ನಿನ್ನ ಹೆಂಡತಿ ಬಾ ಅಂತ ಕರೆದದ್ದು ನಾವೆಲ್ಲ ಕೇಳಿದ್ದೇವೆ. ನನಗೂ ಇಷ್ಟು ವರ್ಷ ಅದೇ ಹೇಳ್ಲಿಕ್ಕಿತ್ತು, ಬಾಯಿ ಬರ್ಲಿಲ್ಲ. ಟಿಕೆಟ್ ಮಾಡು."

ಉಮ್ಮನ ಮುಖ ಕೆಂಪಾಗಿ, ಆಮೇಲೆ ಬಿಳಿಚಿ, ಮತ್ತೆ ಕೆಂಪಾಯಿತು. ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಇನ್ನು ಒಳಗೆ ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ಓಡಲಿಲ್ಲ. ಚಿಕ್ಕಪ್ಪನ, ಪಕ್ಕದ ಮನೆಯವರ ಎದುರೇ ನಡೆದುಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ಅಜ್ಜಿ ಮೈಕನ್ನು ಅವಳ ಕಡೆ ತಿರುಗಿಸಿದರು.

"ಹೌದು," ಎಂದಳು ಉಮ್ಮ, ಎಲ್ಲರಿಗೂ ಕೇಳುವ ಹಾಗೆ. "ಬನ್ನಿ."

ರಂಜಾನ್ ಶುರುವಾಗುವ ಮೊದಲೇ ಬಾಪ ಬಂದರು. ಮತ್ತೆ ಹೋಗಲಿಲ್ಲ.