ಅರ್ಧ ಆಳು ಮರಿಲಿಂಗಮ್ಮ

ಚಿಕುನ್‌ಗುನ್ಯಾ ಜ್ವರ ಹುಣಸಗಿ ಸುತ್ತಿನ ಊರುಗಳನ್ನು ಓಣಿ ಓಣಿಯಾಗಿ ಮಲಗಿಸಿಕೊಂಡು ಹೋದ ವರ್ಷ, ಮರಿಲಿಂಗಮ್ಮನ ಮನೆಯಲ್ಲಿ ಇಬ್ಬರು ಬಿದ್ದರು. ಒಬ್ಬಳು ಅವಳು, ಇನ್ನೊಬ್ಬ ಅವಳ ಗಂಡ ಹುಲಗಪ್ಪ. ವಾರದೊಳಗೆ ಜ್ವರ ಇಬ್ಬರನ್ನೂ ಬಿಟ್ಟಿತು, ಸುಸ್ತು ಇಬ್ಬರನ್ನೂ ಬಿಡಲಿಲ್ಲ. ಆದರೆ ಹುಲಗಪ್ಪನ ಸುಸ್ತು ರೋಗ, ಮರಿಲಿಂಗಮ್ಮನ ಸುಸ್ತು ನಖರಾ. ಇದನ್ನು ತೀರ್ಮಾನಿಸಲು ಊರಿಗೆ ಯಾವ ಡಾಕ್ಟರೂ ಬೇಕಾಗಲಿಲ್ಲ. ಹುಲಗಪ್ಪ ಮೂರು ತಿಂಗಳು ಚಹಾದಂಗಡಿಯ ಕಟ್ಟೆ ಹಿಡಿದು ಕೂತ. ಹೋಗಿಬರುವವರು "ಪಾಪ, ಭಾಳ ಇಳದಾನ" ಎಂದು ಚಹಾ ಕುಡಿಸಿದರು. ಮರಿಲಿಂಗಮ್ಮ ಕೊಡ ಇಳಿಸಿ ಒಂದು ಗಳಿಗೆ ಹೊಸ್ತಿಲ ಮೇಲೆ ಕೂತರೆ ಅತ್ತೆ ಒಳಗಿನಿಂದಲೇ ಶುರು ಮಾಡುತ್ತಿದ್ದಳು: "ಸೊಳ್ಳಿ ಕಡದದ್ದಕ್ಕ ಮೂರು ತಿಂಗಳ ಬಾಣಂತನ! ನಾ ಎಲ್ಲೂ ಕಂಡಿಲ್ಲವ್ವ."

ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ಕಾಲುವೆ ಬಂದ ಮೇಲೆ ಈ ಸೀಮೆಯ ಕೂಲಿ ಹೆಂಗಸರಿಗೆ ಸಿಕ್ಕ ವರವೆಂದರೆ ನೆಲ್ಲು ಹಚ್ಚುವುದು, ಅಂದರೆ ಭತ್ತದ ಸಸಿ ಹಿಡಿದು ಮೊಳಕಾಲು ಮುಳುಗುವ ಕೆಸರಿನಲ್ಲಿ ಬೆಳಗಿನಿಂದ ಸಂಜೆಯ ತನಕ ಬಗ್ಗಿಕೊಂಡು ಹಿಂದಕ್ಕೆ ನಡೆಯುವುದು. ಹಸಿರು ಕಂಡು ಭಾಷಣ ಬಿಗಿದವರು ಯಾರೂ ಬಗ್ಗಿ ನೋಡಿದವರಲ್ಲ. ದೇವಕಮ್ಮನ ಗುಂಪಿನಲ್ಲಿ ಮರಿಲಿಂಗಮ್ಮನೂ ಸೇರಿ ಹನ್ನೆರಡು ಮಂದಿ, ಗುತ್ತಿಗೆ ಕೆಲಸ. ಎಲ್ಲರೂ ಒಂದೇ ಸಾಲಿನಲ್ಲಿ ಸಸಿ ಹಚ್ಚುತ್ತ ಹಿಂದೆ ಸರಿಯಬೇಕು. ಒಬ್ಬಳು ನಿಧಾನವಾದಳೋ, ಅಕ್ಕಪಕ್ಕದವರು ಸರಸರ ಹಚ್ಚಿ ದಾಟಿಹೋಗುತ್ತಾರೆ. ಎರಡೂ ಕಡೆ ಹಸಿರು, ನಡುವೆ ಖಾಲಿ ಓಣಿ, ಆ ಓಣಿಯಲ್ಲಿ ಅವಳೊಬ್ಬಳೇ. ಹಾಗೆ ನಾಲ್ಕು ಸಲ ಸಿಕ್ಕಿಬಿದ್ದವಳನ್ನು ಗುಂಪು ಇಟ್ಟುಕೊಳ್ಳುವುದಿಲ್ಲ. ಒಮ್ಮೆ ಹೋದ ಜಾಗ ಮತ್ತೆ ಸಿಗುವುದೂ ಇಲ್ಲ. ಮರಿಲಿಂಗಮ್ಮ ಹೆದರಿದ್ದು ರೋಗಕ್ಕಲ್ಲ, ಇದಕ್ಕೆ.

ಮೊದಲ ದಿನವೇ ಓಣಿಗೆ ಬಿದ್ದಳು.

"ಏನ್ ಬೇ ಮರಿಲಿಂಗಿ, ಅಲ್ಲೇ ಮನಿ ಕಟ್ಟಸ್ತೀಯೇನು?" ದೇವಕಮ್ಮ ಕೂಗಿದಳು. ಹತ್ತು ಬಾಯಿ ನಕ್ಕವು.

ಸಂಜೆ ಸೂಜಿ ಡಾಕ್ಟರನ ಹತ್ತಿರ ಹೋದಳು. ಅವನು ಎಲ್ಲಿ ಓದಿದ್ದನೆಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. "ಎರಡು ಸಲಾಯಿನ್ ಬಾಟ್ಲಿ ಏರಸ್ತೀನಿ, ಕುದುರಿ ಆಗ್ತಿ" ಎಂದ. ನೀರಿಗೆ ಅದೇನೋ ಔಷಧ ಬೆರೆಸಿ ಕೆಂಪಗೆ ಮಾಡಿದ. ಬಣ್ಣವಿಲ್ಲದ ಬಾಟ್ಲಿಗೆ ನಮ್ಮ ಜನ ನಂಬಿಕೆ ಇಡುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದ ಒಂದೇ ವೈದ್ಯಶಾಸ್ತ್ರ.

ಮರುದಿನ ನಿಜವಾಗಿಯೂ ಮೈ ಹಗುರಾಗಿತ್ತು. ಎಲ್ಲರ ಬಾಯಿ ಮುಚ್ಚಿಸುವ ಹಟಕ್ಕೆ ಬಿದ್ದು, ದೇವಕಮ್ಮನನ್ನೇ ಓಣಿಗೆ ಹಾಕುವಷ್ಟು ಜೋರಾಗಿ ಹಚ್ಚಿದಳು. "ನೋಡ್ರೆ, ಮೈಗಳ್ಳತನ ಇತ್ತು ಅಷ್ಟ" ಎಂದು ಗುಂಪು ಮೆಚ್ಚಿತು. ಅದರ ಮರುದಿನ ತಲೆ ಬಾಚಲು ಕೈ ಎತ್ತಲಾಗಲಿಲ್ಲ. ನಾಲ್ಕು ದಿನ ಚಾಪೆ ಬಿಟ್ಟು ಏಳಲಿಲ್ಲ. ಸೂಜಿ ಡಾಕ್ಟರ "ಇನ್ನೆರಡು ಬಾಟ್ಲಿ" ಎಂದ. ಶಂಕ್ರಮ್ಮ ಎಂಬುವಳು ಜಾಗಕ್ಕೆ ಕಾಯುತ್ತಿದ್ದಾಳೆ ಎಂದು ದೇವಕಮ್ಮ ಹೇಳಿಕಳಿಸಿದಳು.

ಐದನೆಯ ದಿನ, ನೀರಿನ ತೊಟ್ಟಿಗಳಲ್ಲಿ ಸೊಳ್ಳೆಮರಿ ನೋಡಲು ಬಂದ ನರ್ಸ್ ಚಮನಬೀ ಇವಳನ್ನೂ ನೋಡಿದಳು. ಕಣ್ಣ ರೆಪ್ಪೆ ಎಳೆದು ನೋಡಿ, ಸರ್ಕಾರಿ ದವಾಖಾನೆಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದಳು. ರಕ್ತ ಸರಿಯಿತ್ತು.

"ಜ್ವರ ಹೋಗ್ಯಾದವಾ, ಮೈ ಇನ್ನಾ ರಿಪೇರಿ ಆಗಿಲ್ಲ. ಕೆಲವರಿಗೆ ತಿಂಗಳಗಟ್ಟಲೆ ಹಿಡೀತದ."

"ಹಂಗಾರ ಮಕ್ಕೊಂಡೇ ಇರಲೇನ್ರಿ ನರ್ಸ್ ಬಾಯಾರ?"

"ಬರೇ ಮಕ್ಕೊಂಡ್ರೂ ಕೆಡ್ತಿ. ಕೆಲಸ ಮಾಡು, ಸುಸ್ತ ಆಗೂಕಿಂತ ಮೊದಲ ಬಿಡು. ಆರಾಮ ಅನಿಸ್ತದಲ್ಲ, ಆ ದಿನಾನೇ ಹುಷಾರಿರು. ನೀ ಕೆಟ್ಟದ್ದು ಅವತ್ತೇ. ಒಂದು ವಾರ ಮೈ ತಡಕೊಂಡ್ರ ಸ್ವಲ್ಪ ಹೆಚ್ಚ ಮಾಡು."

"ಕೆಂಪು ಬಾಟ್ಲಿ?"

"ಅದರಾಗಿನ ಉಪ್ಪು ನಿಮ್ಮ ಮಜ್ಜಿಗ್ಯಾಗೂ ಅದ. ಅದನ್ನ ಕುಡಿಯಾಕ ಸೂಜಿ ಬೇಕಾಗಂಗಿಲ್ಲ."

ಮರಿಲಿಂಗಮ್ಮ ನೇರ ದೇವಕಮ್ಮನ ಅಂಗಳಕ್ಕೆ ಹೋದಳು. "ದೇವಕ್ಕಾ, ಮಧ್ಯಾಹ್ನದ ತನಕ ಬರ್ತೀನಿ. ಮೊದಲ ಕುಂತು ಸಸಿ ಕೀಳ್ತೀನಿ, ಆಮ್ಯಾಲ ಹಚ್ತೀನಿ. ಅರ್ಧ ಕೂಲಿ ಕೊಡು."

"ಅರ್ಧ ಆಳು ಯಾವ ಊರಾಗದ ಬೇ?"

"ಪೂರ್ತಿ ಆಳ ಬೇಕಂದ್ರ ಒಂದಿನ ಬರ್ತೀನಿ, ನಾಕು ದಿನ ಬೀಳ್ತೀನಿ. ಯಾವುದು ಬೇಕು ನೀನ ಹೇಳು."

ದೇವಕಮ್ಮನಿಗೆ ಕರುಣೆ ಬರಲಿಲ್ಲ, ಆದರೆ ಮಾತು ತಿಳಿಯಿತು. "ಏಳು ದಿನ ನೋಡ್ತೀನಿ. ಒಂದಿನ ತಪ್ಪಿದ್ರೂ ಜಾಗ ಶಂಕ್ರಮ್ಮಂದು."

ಮೂರು ದಿನ ನಡೆಯಿತು. ಮಧ್ಯಾಹ್ನ ಮನೆಗೆ ಬರುವಾಗ ಕಟ್ಟೆಯ ಮೇಲಿನ ಗಂಡನಿಗೂ ಔಷಧ ಹೇಳಿದಳು: "ಬರೇ ಕುಂತ್ರೂ ಕೆಡ್ತದಂತ. ಎದ್ದು ಒಂದು ಕೊಡ ನೀರ ತಾ."

"ನಂಗ ಸುಸ್ತ ಅದಲೇ."

"ಅದಕ್ಕ ಒಂದು ಕೊಡ ಅಂದೆ, ಎರಡು ಅನಲಿಲ್ಲ."

ಕಟ್ಟೆಯೇ ನಕ್ಕಿತು. ಹುಲಗಪ್ಪನಿಗೆ ಏಳದೆ ಬೇರೆ ದಾರಿ ಉಳಿಯಲಿಲ್ಲ.

ನಾಲ್ಕನೆಯ ದಿನ ಮೈ ಮತ್ತೆ ಹಗುರಾಯಿತು. ಸೂರ್ಯ ನೆತ್ತಿಗೆ ಬಂದಾಗ ಗದ್ದೆಯ ಕೊನೆಗೆ ಎರಡು ಮಾರು ಉಳಿದಿತ್ತು. ಕೈ ತಾನಾಗಿ ಸಸಿಗೆ ಹೋಗುತ್ತಿತ್ತು.

"ಇವತ್ತ ಗಟ್ಟಿ ಅದೀಯಲ್ಲ, ಇಷ್ಟು ಮುಗಿಸಿ ಹೋಗು" ಎಂದಳು ದೇವಕಮ್ಮ.

ಮರಿಲಿಂಗಮ್ಮ ಕೈಯಲ್ಲಿದ್ದ ಸಸಿಯನ್ನು ಪಕ್ಕದವಳಿಗೆ ಕೊಟ್ಟು ಒಡ್ಡು ಹತ್ತಿದಳು.

"ಹೊಂಟಳವ್ವ ಅರ್ಧ ಆಳು! ಪಲ್ಲಕ್ಕಿ ತರ್ಸ್ರೆ!" ಸಾಲಿನಿಂದ ಯಾರೋ ಕೂಗಿದರು.

"ಪಲ್ಲಕ್ಕಿ ದಂಡಿಗಿ ನೀವ ಹೊರಬೇಕಾಗ್ತದ, ಸುಮ್ಕಿರ್ರೆ" ಎಂದು ಕಾಲುವೆಯಲ್ಲಿ ಕಾಲು ತೊಳೆದುಕೊಂಡಳು. ಇಪ್ಪತ್ತು ವರ್ಷದ ಕೂಲಿಯಲ್ಲಿ, ಆಗುವ ಕೆಲಸವನ್ನು ಬಿಟ್ಟು ಎದ್ದದ್ದು ಅದೇ ಮೊದಲು. ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ ತಿರುಗಿ ನೋಡಲಿಲ್ಲ.

ಐದನೆಯ ದಿನ ಬಂದಳು. ಆರನೆಯ ದಿನವೂ ಬಂದಳು. ಏಳನೆಯ ದಿನ ಅವಳು ಒಡ್ಡು ಹತ್ತುವಾಗ ದೇವಕಮ್ಮ ಬಗ್ಗಿದ ಸೊಂಟ ಎತ್ತದೆಯೇ ಕೇಳಿದಳು:

"ನಾಳೆ?"

"ಮಧ್ಯಾಹ್ನದ ತನಕ."

"ಹಾಳಾಗಿ ಹೋಗು. ಲಗೂ ಬಾ."