ನಾನು ಕುಟ್ಟಿದ ಹಲ್ಲುಪುಡಿ

"ನೋಡೇ, ಕೆಳಗಿನ ಎರಡು ಅಲ್ಲು ಉದ್ದ ಆಗ್ಯವೆ. ಈ ವಯಸ್ನಾಗೆ ಯಾರ್ಗಾದ್ರೂ ಅಲ್ಲು ಬೆಳೀತವಾ?" ಎಂದು ಅಕ್ಕ ಬಾಗಿಲ ಬೆಳಕಿಗೆ ಕೈಗನ್ನಡಿ ಹಿಡಿದು, ತುಟಿ ಎಳೆದು ತೋರಿಸಿದಳು. ಹಲ್ಲು ಬೆಳೆದಿರಲಿಲ್ಲ. ವಸಡು ಕೆಳಗಿಳಿದು ಹಲ್ಲಿನ ಬುಡ ಹಳದಿಯಾಗಿ ಕಾಣುತ್ತಿತ್ತು. ಅದು ಆಗ ನಮಗೆಲ್ಲಿ ತಿಳಿಯಬೇಕು? ಅವಳಿಗಿನ್ನೂ ಮೂವತ್ತೈದೂ ತುಂಬಿರಲಿಲ್ಲ.

ತಣಿಸಂದ್ರದಲ್ಲಿ ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಅಕ್ಕತಂಗಿ ನಾವು. ಇದ್ದದ್ದು ಒಂದೇ ಒಲೆ. ಹಾಗಾಗಿ ಅವಳ ಹಲ್ಲಿನ ಗೋಳು ಮನೆಗೆಲ್ಲ ಗೋಳಾಯಿತು. ತಣ್ಣೀರು ತಾಕಿದರೆ ಜುಮ್ಮೆನ್ನುತ್ತೆ ಅಂತ ಬೇಸಗೆಯಲ್ಲೂ ಅವಳಿಗೆ ನೀರು ಕಾಯಿಸಬೇಕು. ಹುಳಿ ಆಗಲ್ಲ ಅಂತ ಸಾರಿಗೆ ಹುಣಿಸೆಹಣ್ಣು ಕಮ್ಮಿ. "ಇದೇನ್ ಸಾರಾ, ಕೈ ತೊಳೆದ ನೀರಾ?" ಎಂದು ಗಂಡಸರು ರೇಗುತ್ತಿದ್ದದ್ದು ನನ್ನ ಮೇಲೆ, ಅವಳ ಮೇಲಲ್ಲ. ಅತ್ತೆ ಲವಂಗ ಕಚ್ಚಿಕೋ ಅನ್ನೋರು. ಪಕ್ಕದ ಮನೆಯಾಕೆ ಸೀಬೆ ಚಿಗುರು ಅಗಿ ಅನ್ನೋಳು. ದಾರಿಯಲ್ಲಿ ಹೋಗೋರೆಲ್ಲ ವೈದ್ಯರೇ. ಅಕ್ಕ ಎಲ್ಲರ ಮಾತೂ ಕೇಳಿ, ಎಲ್ಲವನ್ನೂ ಒಂದೇ ದಿನ ಮಾಡಿ, ಸಂಜೆಗೆ "ಯಾವ್ದೂ ನಾಟ್ಲಿಲ್ಲ" ಎಂದು ಕೆನ್ನೆ ಹಿಡಿದು ಕೂರುವಳು. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಅವಳು ಬಿಡದೆ ಮಾಡಿದ್ದು ಒಂದೇ, ನನ್ನ ಹಲ್ಲುಪುಡಿಯಲ್ಲಿ ಉಜ್ಜಿದ್ದು. ಭತ್ತದ ಹೊಟ್ಟನ್ನು ಗುಡ್ಡೆ ಮಾಡಿ, ನಡುವೆ ಕೆಂಡ ಇಟ್ಟು, ಉರಿ ಏಳದಂತೆ ಕರಿ ಮಾಡಿ, ಕಲ್ಲುಪ್ಪು ಸೇರಿಸಿ ಕುಟ್ಟಿ, ಹಳೇ ಸೀರೆಯಲ್ಲಿ ಸೋಸಿ ಡಬ್ಬಿ ತುಂಬುತ್ತಿದ್ದೆ. ಬೀದಿಯ ಅರ್ಧ ಮನೆಗಳಿಗೆ ಆ ಪುಡಿ ಹೋಗುತ್ತಿತ್ತು. ಅಡುಗೆ ಅಂದರೆ ಅಕ್ಕ, ಸೋಬಾನೆ ಹಾಡು ಅಂದರೆ ಅಕ್ಕ. ಅವಳು ದನಿ ಎತ್ತದೆ ನಮ್ಮೂರಲ್ಲಿ ಹಸೆಗೆ ಯಾರೂ ಕೂರುತ್ತಿರಲಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಡಿದ ನನಗೆ ಇದ್ದದ್ದು ಆ ಪುಡಿಯ ಹೆಸರು ಒಂದೇ.

ಉಜ್ಜಿದಾಗ ರಕ್ತ ಬರುತ್ತಿತ್ತು. "ಕೆಟ್ಟ ರಕ್ತ ಕಣಕ್ಕ, ಓಗ್ಲಿ ಬಿಡು. ಇನ್ನೂ ಗಟ್ಟಿಯಾಗಿ ಉಜ್ಜು" ಎಂದೆ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಅವಳು ಬೆಳಗ್ಗೆ ಸಾಲದು ಅಂತ ಸಂಜೆಯೂ ಉಜ್ಜತೊಡಗಿದಳು.

ಆ ಸುಗ್ಗಿ ಮುಗಿದ ಮೇಲೆ ನನ್ನ ಮಗಳ ಕಿವಿ ಸೋರುತ್ತೆ ಅಂತ ಯಲಹಂಕದ ಆಸ್ಪತ್ರೆಗೆ ಹೋದೆ. ಮಾತಿಗೆ ಮಾತು ಬಂದು ಅಲ್ಲಿನ ನರ್ಸಮ್ಮನಿಗೆ ಅಕ್ಕನ ವಿಷಯ ಹೇಳಿದೆ.

"ಏನ್ರಮ್ಮ ಉಜ್ತಾರೆ ಹಲ್ಲಿಗೆ?"

"ನಾನೇ ಮಾಡಿದ ಹೊಟ್ಟಿನ ಪುಡಿ," ಎಂದೆ ಹೆಮ್ಮೆಯಿಂದ.

"ಬೂದೀಲಿ ದಿನಾ ತಿಕ್ಕಿದ್ರೆ ಪಾತ್ರೆ ಕಲಾಯಿನೇ ಹೋಗುತ್ತೆ, ವಸಡು ಉಳಿಯುತ್ತಾ? ಇವತ್ತೇ ನಿಲ್ಸಿ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸ್ಲಿ. ಪೇಟೆ ದೊಡ್ಡಾಸ್ಪತ್ರೇಲಿ ಹಲ್ಲಿನ ಡಾಕ್ಟ್ರಿಗೆ ತೋರ್ಸಿ."

ಮನೆಗೆ ಬಂದು ಅಕ್ಕನಿಗೆ ಉಪ್ಪುನೀರಿನ ಮಾತು ಹೇಳಿದೆ. ಪುಡಿ ನಿಲ್ಲಿಸು ಅನ್ನಲಿಲ್ಲ. ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತೆ, ಇನ್ನು ಯಾರು ನಮ್ಮ ಬಾಗಿಲಿಗೆ ಬಂದಾರು ಅನ್ನಿಸಿತು. ಡಾಕ್ಟರ ಮಾತೆತ್ತಿದರೂ ಇದು ಹೊರಬೀಳುತ್ತಿತ್ತು, ಅದನ್ನೂ ನುಂಗಿಕೊಂಡೆ.

ಎರಡು ಅವರೆಕಾಯಿ ಕಾಲ ಕಳೆದವು. ಅಕ್ಕ ಉಪ್ಪುನೀರು ಮುಕ್ಕಳಿಸಿ, ಮತ್ತೆ ನನ್ನ ಪುಡಿಯಲ್ಲೇ ತಿಕ್ಕುತ್ತಿದ್ದಳು. ಅವಳು ರಕ್ತ ಉಗುಳಿದಾಗಲೆಲ್ಲ ನಾನು ಸಿಡಿಮಿಡಿಗುಟ್ಟುತ್ತಿದ್ದೆ. "ಎಷ್ಟ್ ಗೋಳಾಡ್ತೀಯಕ್ಕ? ಊರಲ್ಲಿ ಯಾರಿಗೂ ಇಲ್ಲದ ಅಲ್ಲುನೋವಾ ನಿಂದು?" ಸಿಟ್ಟು ಯಾರ ಮೇಲೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮೇಲೆ ಹಾಯುತ್ತಿದ್ದೆ.

ಕೆಳಗಿನ ಎರಡು ಹಲ್ಲು ನಾಲಿಗೆ ತಾಕಿದರೂ ಅಲ್ಲಾಡತೊಡಗಿದವು. ಆಗ ಹೆಬ್ಬಾಳದವರೆಗೆ ನಡೆದು, ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿದವರೇ ಏನು ಉಜ್ಜುತ್ತೀರಿ ಎಂದರು. ಅಕ್ಕ ಹೇಳಿದಳು.

"ಇವೆರಡನ್ನ ಉಳಿಸಕ್ಕಾಗಲ್ಲಮ್ಮ. ಎರಡು ವರ್ಷದ ಹಿಂದೇನೇ ಆ ಬೂದಿ ಬಿಟ್ಟಿದ್ರೆ ಇರ್ತಿದ್ವೇನೋ."

"ನಮಗೆ ಯಾರ್ ಸ್ವಾಮಿ ಹೇಳೋರಿದ್ರು?" ಎಂದಳು ಅಕ್ಕ.

ಡಾಕ್ಟರು ಎರಡೂ ಹಲ್ಲು ಕೀಳುವಾಗ ನಾನು ಹೊರಗೆ ಹೋಗಿ ಕೂತೆ.

ಬಸ್ಸಿನಲ್ಲಿ ಅವಳು ಹತ್ತಿ ಕಚ್ಚಿಕೊಂಡೇ ನನ್ನ ಕಡೆ ತಿರುಗಿದಳು. "ಬೇಜಾರ್ ಮಾಡ್ಕಬ್ಯಾಡ ಕಣೆ. ನೀನೇನ್ ಗೊತ್ತಿದ್ದು ಮಾಡಿದ್ಯಾ?"

"ಸುಮ್ನೆ ಕೂತ್ಕೊ ಅಕ್ಕ! ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡ್ತಾಳೆ!" ಎಂದು ಅರಚಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೋಬಾನೆ ಹಾಡುವಾಗಲೂ ಆ ಸೆರಗು ಬಾಯಿಂದ ಇಳಿಯಲಿಲ್ಲ.

ಅವತ್ತು ಮನೆಗೆ ಬಂದು ಪುಡಿಯ ಡಬ್ಬಿಯನ್ನು ತಿಪ್ಪೆಗೆ ಸುರಿದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಪುಡಿ ಕೇಳಿಕೊಂಡು ಬಂದಳು. "ಈ ಸಲ ಹೊಟ್ಟು ಸಿಗ್ಲಿಲ್ಲ ಕಣಮ್ಮ," ಎಂದೆ. ಆಗಲೂ ಸುಳ್ಳೇ ಬಂತು ನನ್ನ ಬಾಯಿಗೆ.

ಒಳಗಿಂದ ಅಕ್ಕನ ದನಿ ಕೇಳಿಸಿತು. "ಆ ಪುಡಿ ವಸಡು ತಿನ್ನುತ್ತಂತೆ ಕಣೇ. ಡಾಕ್ಟ್ರು ಏಳಿದ್ರು. ನೀನೂ ಉಜ್ಜೋದ್ ನಿಲ್ಸಿಬಿಡು."

ಎರಡು ವರ್ಷ ನನ್ನಿಂದಾಗದ ಮಾತನ್ನು ಅವಳು ಹತ್ತಿ ಕಚ್ಚಿಕೊಂಡೇ ಹೇಳಿ ಮುಗಿಸಿದಳು.