ಸೋಮವಾರ ಹೂಡಬಾರದ ಕಂಪ್ಯೂಟರ್

ಗೆಳೆಯರೇ, ಮನೆಯ ಕಂಪ್ಯೂಟರಿನಲ್ಲಿ ನಾನೇ ಕೂರಿಸಿಕೊಂಡಿರುವ ಎಐ ಇಂದು ಬೆಳಿಗ್ಗೆ ಬಾಯಿ ಮುಚ್ಚಿತು. ಮಾಳಿಗೆಯಲ್ಲಿ ಕುಳಿತು ಫೋನಿನಿಂದ ಅದರ ಕೈಲಿ ದ್ರಾಕ್ಷಿ ವ್ಯಾಪಾರಿಗೆ ಪತ್ರ ಬರೆಸುತ್ತಿದ್ದೆ. ಒಂದು ಗಂಟೆ ವೈಫೈಯನ್ನು ಬೈದು ಕೆಳಗಿಳಿದರೆ ಕಂಪ್ಯೂಟರ್ ಆರಿದೆ, ಅದರ ಹಣೆಗೆ ವಿಭೂತಿ ಬೇರೆ.

“ಇವತ್ತ ಸ್ವಾಮಾರ. ಎತ್ತ ಹೂಡಂಗಿಲ್ಲ, ಇದನ್ನ ಹೂಡತೀ ಏನ? ಮುಟ್ಟಿದ್ರ ಮೈ ಸುಡಾಕತ್ತಿತ್ತ, ಬಂದ್ ಮಾಡೇನಿ,” ಎಂದಳು ಅಜ್ಜಿ.

“ಅದು ಮಷೀನ್ ಐತಿ ಬೇ. ನನ್ನ ಕೆಲಸ ನಿಂತೈತಿ.”

“ನಿಂದೇನ ಕೆಲಸ? ದುಡಿಯೂದ ಅದು, ನೀ ಫೋನ್ ಹಿಡಕೊಂಡ ಕುಂತಿರ್ತಿ. ಖಾಲಿ ಅದಿ ಅಂದ್ರ ಜ್ವಾಳಾ ಬೀಸಿಕೊಂಡ ಬಾ.”

ಸೋಮವಾರ ಎತ್ತಿಗೆ ಬಿಡುವು, ಈಗ ಯಂತ್ರಕ್ಕೂ ಬಿಡುವು. ನಾನು ಜೋಳದ ಚೀಲ ಹೊತ್ತು ಇಟ್ಟಂಗಿಹಾಳದ ಗಿರಣಿಯ ಸಾಲಿನಲ್ಲಿ ನಿಂತಿದ್ದೇನೆ. ನಮ್ಮ ಮನೆಯಲ್ಲಿ ವಾರ ನೋಡದೆ ಹೂಡುವ ಎತ್ತು ನಾನೊಬ್ಬನೇ.